ಅಕ್ಕನ ದೂರು, ನಮ್ಮ ಟ್ರ್ಯಾಕರ್

ಕಣ್ಣು ಕಾಣದವರಿಗೆ ಫೋನಿನ ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದನ್ನು ನಾವು ಆರು ಜನ ಸೇರಿ ಮಾಡಿದ್ದೆವು. ಸಂಬಳವಿಲ್ಲ, ಮಾಲೀಕರಿಲ್ಲ, ಯಾರು ಬೇಕಾದರೂ ಅದರ ಕೋಡ್ ನೋಡಬಹುದು, ತಿದ್ದಬಹುದು. ಭಾನುವಾರ ಕೋಲಾರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಟ್ಯೂಷನ್ ಕೋಣೆಯಲ್ಲಿ ಸೇರುತ್ತಿದ್ದೆವು. ನಾನು ಮುಳಬಾಗಿಲಿನಿಂದ ಹೋಗುತ್ತಿದ್ದೆ.

ದೂರುಗಳು ಬರುತ್ತಿದ್ದುದು ನನ್ನ ಫೋನಿಗೆ. ಹೆಚ್ಚಿನವು ಶ್ರೀನಿವಾಸಪುರದ, ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಹಿರಿಯರೊಬ್ಬರವು. ಅಂಧ ಮಕ್ಕಳ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು, ಅವರಿಗೂ ಕಣ್ಣಿಲ್ಲ, ತಮ್ಮನ ಮನೆಯಲ್ಲಿದ್ದರು. ನಾನು ಹಲ್ಲುಜ್ಜುವ ಹೊತ್ತಿಗೇ ಫೋನು. "ಏಮಪ್ಪಾ, ನಿನ್ ಮಿಷನ್ನು ಪೇಪರ್ ಓದ್ತಾ ಓದ್ತಾ ಮೂರನೇ ಪುಟಕ್ಕೇ ಬಾಯಿ ಮುಚ್ಕೊಂಡ್ಬಿಡ್ತು. ಊಟ ಹಾಕಿಲ್ವಾ ಅದಕ್ಕೆ?" ನಾನು ನಕ್ಕು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅವರು ಹೇಳಿದ ದೂರು ಒಂದೂ ಸುಳ್ಳಾಗಿರಲಿಲ್ಲ.

ಆದರೆ ಆ ನೋಟ್‌ಬುಕ್ಕು ನಮ್ಮವರಿಗೆ ಮರ್ಯಾದೆಯ ಪ್ರಶ್ನೆಯಾಯಿತು. ಮಾಲೂರಿನ ಕಾಲೇಜಿನಲ್ಲಿ ಪಾಠ ಮಾಡುವ ಗೆಳತಿ ಒಂದು ಭಾನುವಾರ ಹೇಳಿಯೇಬಿಟ್ಟಳು: "ಹೊರಗಡೆಯೋರು ಕೇಳಿದ್ರೆ ನಗ್ತಾರೆ ಕಣೋ. ಒಂದು ಬಗ್ ಟ್ರ್ಯಾಕರ್ ಇಟ್ಕೊಳ್ಳೋಣ." ಅಂದರೆ ದೂರು ಬರೆಯುವ ವೆಬ್‌ಸೈಟು, ಯಾವುದು ಯಾರ ಕೈಯಲ್ಲಿದೆ, ಯಾವುದು ಮುಗಿಯಿತು, ಎಲ್ಲ ಅಲ್ಲೇ ಕಾಣುತ್ತದೆ.

ಇರುವ ಟ್ರ್ಯಾಕರ್‌ಗಳಲ್ಲಿ ಒಂದನ್ನು ಆರಿಸುವುದರಲ್ಲೇ ಮೂರು ಭಾನುವಾರ ಕಳೆದೆವು. ಒಂದಕ್ಕೆ ನಮ್ಮದೇ ಸರ್ವರ್ ಬೇಕಿತ್ತು, ಅದನ್ನು ನೋಡಿಕೊಳ್ಳುವವರು ಯಾರು? ಇನ್ನೊಂದು ಮೊಬೈಲಿನಲ್ಲಿ ತೆವಳುತ್ತಿತ್ತು. ಮೂರನೆಯದು ಅಂದವಾಗಿತ್ತು, ಕನ್ನಡವೂ ಇತ್ತು, ಪ್ರತಿ ದೂರಿಗೂ ಬಣ್ಣದ ಚೀಟಿ ಅಂಟಿಸಬಹುದಿತ್ತು. ಬಣ್ಣಕ್ಕೇ ಮರುಳಾದೆವು ಅನ್ನಿ. ನಾನೂ ಕೈ ಎತ್ತಿದೆ. ಇನ್ನು ಮೇಲೆ ಫೋನಿನಲ್ಲಿ ದೂರು ತೆಗೆದುಕೊಳ್ಳಬಾರದು ಎಂದು ನಿಯಮವನ್ನೂ ಮಾಡಿದೆವು. ಅಕ್ಕನಿಗೆ ಅದನ್ನು ಹೇಳಿದವನು ನಾನೇ. "ಆಗ್ಲಪ್ಪಾ, ಕಲ್ತ್ಕೋತೀನಿ" ಅಂದರು.

ಮುಂದಿನ ಎರಡು ತಿಂಗಳು ಅವರಿಂದ ಒಂದೂ ದೂರು ಬರಲಿಲ್ಲ. ತಂತ್ರಾಂಶ ಸುಧಾರಿಸಿದೆ ಎಂದುಕೊಂಡು ನಾವು ಬೋಂಡಾ ತರಿಸಿ ತಿಂದೆವು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಶ್ರೀನಿವಾಸಪುರಕ್ಕೆ ಒಂದು ಮದುವೆಗೆ ಹೋದವನು ಅಕ್ಕನ ಮನೆಗೂ ಹೋದೆ. ಫೋನು ಬೀರುವಿನೊಳಗಿತ್ತು. ನಮ್ಮ ತಂತ್ರಾಂಶದ ಹೊಸ ಆವೃತ್ತಿ ಹಾಕಿದ ದಿನದಿಂದ ಅದು ಪತ್ರಿಕೆಯ ಮೊದಲ ಪುಟ ದಾಟುತ್ತಿರಲಿಲ್ಲವಂತೆ. ದೂರು ಬರೆಯಲು ನಾಲ್ಕು ದಿನ ಒದ್ದಾಡಿ ಕೈಬಿಟ್ಟರಂತೆ. ಪಕ್ಕದಲ್ಲೇ ಕೂತು ನಾನು ಟ್ರ್ಯಾಕರ್ ತೆರೆದೆ. ಹೆಸರು ನೋಂದಾಯಿಸಲು ಹೋದರೆ ಒಂಬತ್ತು ಚಿತ್ರಗಳು ಬಂದವು; ಬಸ್ಸು ಇರುವ ಚಿತ್ರಗಳನ್ನು ಒತ್ತಬೇಕಂತೆ. ಕಣ್ಣು ಕಾಣದವರಿಗಾಗಿ ಕೆಲಸ ಮಾಡುತ್ತೇವೆ ಎಂದು ಬೀಗುತ್ತಿದ್ದ ಆರು ಜನರಲ್ಲಿ ಒಬ್ಬರೂ ಕಣ್ಣು ಮುಚ್ಚಿಕೊಂಡು ಅದನ್ನು ಬಳಸಿ ನೋಡಿರಲಿಲ್ಲ. ನಮ್ಮದೇ ತಂತ್ರಾಂಶದಿಂದ ಆ ಪುಟವನ್ನು ಓದಿಸಿಯೂ ಇರಲಿಲ್ಲ.

"ನಂಗೆ ಒಂದ್ ಫೋನ್ ಮಾಡ್ಬಾರ್ದಿತ್ತಾ ಅಕ್ಕ?"

"ನೀನೇ ಬೇಡ ಅಂದ್ಯಲ್ಲಪ್ಪಾ."

ಈಗ ಪತ್ರಿಕೆ ಯಾರು ಓದುತ್ತಾರೆ ಎಂದು ಕೇಳಿದೆ. ತಮ್ಮನ ಹೆಂಡತಿ ಎಂದರು. ಅಡುಗೆಮನೆಯಲ್ಲಿ ಅವಳಿದ್ದಳು, ಅಕ್ಕ ದನಿ ತಗ್ಗಿಸಿದರು. "ಒಳ್ಳೇವ್ಳು. ಆದ್ರೆ ಸಾವಿನ್ ಸುದ್ದಿ ಬಿಟ್ಬಿಡ್ತಾಳೆ, ನಂಗೆ ಬೇಜಾರಾಗುತ್ತೆ ಅಂತ. ಮೂವತ್ತು ವರ್ಷ ನನ್ ಪಕ್ಕದ್ ಕ್ಲಾಸಲ್ಲಿ ಪಾಠ ಮಾಡ್ದೋಳು ಹೋಗ್ಬಿಟ್ಲು ಕಣಪ್ಪಾ. ಪೇಪರಲ್ಲಿ ಬಂದಿತ್ತಂತೆ. ನಂಗೆ ಗೊತ್ತಾಗೋ ಹೊತ್ಗೆ ತಿಥಿನೂ ಮುಗ್ದಿತ್ತು."

ನನಗೆ ತಲೆ ಎತ್ತಲಾಗಲಿಲ್ಲ. ನನ್ನ ಮುಖ ಅವರಿಗೆ ಕಾಣುವುದಿಲ್ಲವಲ್ಲ ಎಂದು ಒಂದು ಕ್ಷಣ ಸಮಾಧಾನವಾಯಿತು. ಆ ಸಮಾಧಾನಕ್ಕೂ ನಾಚಿಕೆಯಾಯಿತು.

ಊರಿಗೆ ಬಂದವನೇ ಕೂತೆ. ಕೋಡಿನಲ್ಲಿ ಒಂದೇ ಒಂದು ಸಾಲು ತಪ್ಪಿತ್ತು. ಸರಿಮಾಡಲು ಇಪ್ಪತ್ತು ನಿಮಿಷ ಹಿಡಿಯಿತು. ಅಕ್ಕನ ತಮ್ಮನ ಫೋನಿಗೆ ಕರೆ ಮಾಡಿ ಅಕ್ಕನಿಗೆ ಹೇಳಿದೆ. "ಸರಿ ಬಿಡಪ್ಪಾ" ಅಂದರು.