ಅತ್ತೆಯ ಬಲಗೈ

ಇವತ್ತು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರಕ್ತಪರೀಕ್ಷೆಗೆ ಹೋಗಿದ್ದೆ. ತೋಳಿಗೆ ಸ್ಪಿರಿಟ್ ಹತ್ತಿ ಸವರಿದರು ನೋಡಿ, ಆ ತಣ್ಣನೆಯ ವಾಸನೆಗೆ ನಮ್ಮತ್ತೆ ನೆನಪಾದರು.

ಅತ್ತೆಗೆ ಪಾರ್ಶ್ವವಾಯು ಹೊಡೆದಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಕಾಲೆಳೆದುಕೊಂಡು ಹೇಗೋ ನಡೆದರು. ಬಲಗೈ ಮಾತ್ರ ಮಡಿಲಲ್ಲಿ ಮಲಗಿಬಿಟ್ಟಿತು. ಎಡಗೈಯಲ್ಲಿ ಅನ್ನ ಮುಟ್ಟುವವರಲ್ಲ. ಕಾನ್ವೆಂಟಿನಲ್ಲಿ ಓದಿದ ಜಾಣೆ ನಾನು, ಚಮಚ ತಂದಿಟ್ಟೆ. ಮುದ್ದೆಗೆ ಚಮಚ! ಅವರು ನೋಡಿದ ನೋಟಕ್ಕೆ ಅದು ಸುಮ್ಮನೆ ಅಡುಗೆಮನೆಗೆ ವಾಪಸಾಯಿತು. ಕೊನೆಗೆ ನಾನೇ ತಿನ್ನಿಸುತ್ತಿದ್ದೆ. ಶಿಡ್ಲಘಟ್ಟದ ಆ ತುಂಬಿದ ಮನೆಗೆ ವರ್ಷಗಟ್ಟಲೆ ಬಡಿಸಿದ ಹೆಂಗಸು.

"ನನ್ನ ಕೈಲಿ ಒಂದು ತುತ್ತು ತಿನ್ನೋ ಹಂಗಾದ್ರೆ ಸಾಕು ಕಣಮ್ಮ," ಎಂದಿದ್ದರು ಒಮ್ಮೆ.

ಚಿಕ್ಕಬಳ್ಳಾಪುರದಲ್ಲಿ ಅಕ್ಯುಪಂಕ್ಚರ್ ಮಾಡುವ ಡಾಕ್ಟರಿದ್ದಾರೆ ಎಂದರು ಯಾರೋ. ವಾರಕ್ಕೆರಡು ಸಲ ಬಸ್ಸು. ಸ್ಪಿರಿಟ್ ಸವರಿ, ಕೂದಲೆಳೆಯಂಥ ಸೂಜಿಗಳನ್ನು ಮೊಣಕೈಯಿಂದ ಬೆರಳವರೆಗೆ ನಿಲ್ಲಿಸುತ್ತಿದ್ದರು. ನಾನು ಮುಖ ತಿರುಗಿಸಿದರೆ ಅತ್ತೆ, "ಚುಚ್ಚೋದು ನಂಗೆ, ನರಳೋದು ನೀನು," ಎನ್ನುವರು. ಸೂಜಿ ಇರುವ ಅರ್ಧ ಗಂಟೆ ಅಲುಗಾಡುವ ಹಾಗಿಲ್ಲವಲ್ಲ, ನಾವಿಬ್ಬರೂ ಕೂತು ಮಾತಾಡಿದ್ದೇ ಆಗ. ಕುದಿನೀರಿನ ರೇಷ್ಮೆಗೂಡಿನಿಂದ ಎಳೆ ಹುಡುಕಿ ಹುಡುಕಿ ಅವರ ತಾಯಿಯ ಬೆರಳು ಬೆಳ್ಳಗಾಗಿರುತ್ತಿದ್ದವಂತೆ.

ಒಂದು ದಿನ ಡಾಕ್ಟರು, ಮನೆಯಲ್ಲಿ ಈ ಕೈಗೆ ಏನು ಕೆಲಸ ಕೊಡುತ್ತೀರಿ ಎಂದರು. ಲೋಟ ಎತ್ತಲೂ ಬಿಡುವುದಿಲ್ಲ ಎಂದೆ, ಹೆಮ್ಮೆಯಿಂದ. ನಮ್ಮ ಕಡೆ ಒಳ್ಳೆಯ ಸೊಸೆ ಎಂದರೆ ಅದೇ.

"ಸೂಜಿ ಎಷ್ಟು ಮಾಡುತ್ತೋ ನಾನು ಹೇಳಕ್ಕಾಗಲ್ಲ. ಆಸ್ಪತ್ರೇಲಿ ಹೇಳಿಕೊಟ್ಟ ವ್ಯಾಯಾಮ ಬಿಡಬೇಡಿ. ಕೈಗೆ ಕೆಲಸ ಮಾತ್ರ ನೀವೇ ಕೊಡಬೇಕಮ್ಮ."

ಅಂದಿನಿಂದ ಮುದ್ದೆಯನ್ನು ಸಣ್ಣಗೆ ಮುರಿದು ತಟ್ಟೆಯಲ್ಲಿಟ್ಟು ಎದುರು ಕೂರುತ್ತಿದ್ದೆ. ವಾರಗಟ್ಟಲೆ ಬರೀ ಜಾರಿತು. ಕೊನೆಗೆ ನಾನೇ ತಿನ್ನಿಸುವುದು. ಒಂದು ಮಧ್ಯಾಹ್ನ ಹೆಬ್ಬೆರಳು, ಜೊತೆಗೆ ಇನ್ನೆರಡು, ಹೇಗೋ ಕೂಡಿಕೊಂಡವು. ತುತ್ತು ಅರ್ಧಕ್ಕೆ ಬಂದು ಸೀರೆಯ ಮೇಲೆ ಬಿತ್ತು. ನನ್ನ ಕೈ ತಾನಾಗಿ ಮುಂದೆ ಹೋಯಿತು.

"ಉಂಡನೀ," ಎಂದರು ಅತ್ತೆ. ಕೋಪ ಬಂದರೆ ಅವರಿಗೆ ತೆಲುಗು. ಇರಲಿ ಬಿಡು ಅಂತ.

ಬಿಟ್ಟೆ. ಅಷ್ಟು ಕಷ್ಟದ ಕೆಲಸ ನಾನು ಆ ಮನೆಯಲ್ಲಿ ಇನ್ನೊಂದು ಮಾಡಿಲ್ಲ. ಆರನೆಯದೋ ಏಳನೆಯದೋ ಬಾಯಿ ಸೇರಿತು. ಅಗಿಯದೆ ನುಂಗುವ ಮುದ್ದೆಯನ್ನು ಅಂದು ಅವರು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದರು.

ಸೂಜಿಯೋ, ವ್ಯಾಯಾಮವೋ, ಅವರ ಹಟವೋ, ನನಗೆ ಗೊತ್ತಿಲ್ಲ. ಮೂರು ಬೆರಳಿಗಿಂತ ಹೆಚ್ಚು ಬರಲೂ ಇಲ್ಲ. ಅಷ್ಟರಲ್ಲೇ ಕೊನೆಯವರೆಗೂ ಉಂಡರು.

ಇವತ್ತು ರಕ್ತ ಕೊಟ್ಟು ಮನೆಗೆ ಬಂದರೆ ನಮ್ಮವರು ನನಗೆಂದು ಉಪ್ಪಿಟ್ಟು ಕೆದಕುತ್ತಿದ್ದರು. ಅರ್ಧ ರವೆ ಒಲೆಯ ಸುತ್ತ. ಇಷ್ಟು ವರ್ಷ ಸೌಟು ಕಿತ್ತುಕೊಂಡವಳು ನಾನು. ಕುರ್ಚಿ ಎಳೆದುಕೊಂಡು ಕೂತೆ.