ಅಕ್ಕನ ಮದುವೆಯ ವಿಡಿಯೊ, ನನ್ನ ಮೇಲ್ದವಡೆ

"ಇಷ್ಟ ವರ್ಷ ಹಿಂಗ ನಕ್ಕೀರಿ. ಈಗ್ಯಾಕ ಬ್ಯಾಡಾತ್ರಿ?" ಎಂದು ಗೋಕಾಕದ ದಂತವೈದ್ಯೆ ಕೇಳಿದರು. ಅವರ ಮೇಜಿನ ಮೇಲೆ ನನ್ನ ತಲೆಬುರುಡೆಯ ಎಕ್ಸ್‌ರೇ, ಪಕ್ಕದಲ್ಲಿ ನಾನು ನಗುತ್ತಿರುವ ಫೋಟೊ. ಅದರಲ್ಲಿ ಹಲ್ಲಿಗಿಂತ ವಸಡೇ ಹೆಚ್ಚು ಜಾಗ ಹಿಡಿದಿತ್ತು.

ನನ್ನ ಉತ್ತರ ಸಿದ್ಧವಾಗಿತ್ತು. ನಾನು ಎಂಟನೆಯ ತರಗತಿಯಲ್ಲಿದ್ದಾಗ ಹುಕ್ಕೇರಿಯಲ್ಲಿ ಕಾಕಾನ ಮಗಳ ಮದುವೆ. ವಿಡಿಯೊ ತೆಗೆಯುವವನು ನನ್ನ ಮುಖಕ್ಕೆ ದೀಪ ಹಿಡಿದ. ನಾನು ನಕ್ಕೆ. ಅವನು ಕ್ಯಾಮೆರಾ ಕೆಳಗಿಳಿಸಿ, ಹಂದರದಲ್ಲಿದ್ದ ಎಲ್ಲರಿಗೂ ಕೇಳುವಂತೆ, "ತುಟಿ ಕೂಡಿಸಿ ನಗು, ವಸಡಿನ ವಿಡಿಯೊ ಯಾರಿಗೆ ಬೇಕಾಗೈತಿ?" ಎಂದ. ಅವತ್ತು ಅತ್ತಿದ್ದೆ. ಅಂದಿನಿಂದ ನಗು ಬಂದಾಗಲೆಲ್ಲ ಮೇಲ್ದುಟಿಯನ್ನು ಕೆಳಗೆ ಎಳೆದುಕೊಳ್ಳುತ್ತೇನೆ.

ವೈದ್ಯೆ ಪೂರ್ತಿ ಕೇಳಿಸಿಕೊಂಡರು. ನನ್ನ ಹಲ್ಲುಗಳ ಉದ್ದ ಸರಿಯಾಗಿದೆ, ಆದ್ದರಿಂದ ವಸಡು ಕತ್ತರಿಸಿದರೆ ಪ್ರಯೋಜನವಿಲ್ಲ. ಮೇಲ್ದವಡೆಯ ಮೂಳೆಯೇ ಕೆಳಗೆ ಉದ್ದವಾಗಿ ಬೆಳೆದಿದೆ ಎಂದು ಎಕ್ಸ್‌ರೇ ಮೇಲೆ ಪೆನ್ನು ಎಳೆದು ತೋರಿಸಿದರು. ಮೊದಲು ವರ್ಷಕ್ಕೂ ಹೆಚ್ಚು ಕಾಲ ಹಲ್ಲಿಗೆ ತಂತಿ. ಆಮೇಲೆ ಬೆಳಗಾವಿಯಲ್ಲಿ ಶಸ್ತ್ರಚಿಕಿತ್ಸೆ, ಮೂಳೆಯ ಒಂದು ಪಟ್ಟಿ ತೆಗೆದು ದವಡೆಯನ್ನು ಮೇಲಕ್ಕೆ ಕೂರಿಸುತ್ತಾರೆ. ಅದಾದ ಮೇಲೆ ಮತ್ತೆ ಕೆಲವು ತಿಂಗಳು ತಂತಿ.

"ಸಣ್ಣ ಕೆಲಸ ಅಲ್ರಿ ಇದು," ಎಂದರು. "ಯಾರೋ ಅಂದ್ರಂತ ಮಾಡಿಸ್ಕೊಂಡ್ರ, ಆಮ್ಯಾಲ ಕನ್ನಡಿ ನೋಡಿದಾಗೆಲ್ಲ ಅವ್ರ ನೆನಪ ಬರ್ತಾರ. ಖರೇನ ನಿಮಗ ಬೇಕಾಗೈತೇನ, ವಿಚಾರ ಮಾಡಿ ಬರ್ರಿ."

ಮೂಡಲಗಿಯ ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಯಾರು ಕಂಡರು, ಯಾವಾಗ ಹೇಳಿದರು, ಬೇರೆ ಸಾಕ್ಷಿ ಇದೆಯೇ ಎಂದು ಹುಡುಗರನ್ನು ದಿನವೂ ಕಾಡುವವನು. ಮೂಡಲಗಿಗೆ ಮರಳುವ ಬಸ್ಸು ಅರಭಾವಿ ದಾಟುವಷ್ಟರಲ್ಲೇ ನನ್ನ ಕಥೆಯ ಮೇಲೆ ನನಗೆ ಅನುಮಾನ ಶುರುವಾಯಿತು. ಅದಕ್ಕಿದ್ದ ಒಬ್ಬನೇ ಸಾಕ್ಷಿ ನಾನು. ಅದೂ ನಂಬಿಕಸ್ಥ ಸಾಕ್ಷಿಯಲ್ಲ. ಹಾಸ್ಟೆಲಿನಲ್ಲಿ ಗೆಳೆಯರಿಗೆ ಹೇಳಿದಾಗ ವಿಡಿಯೊದವನಿಗೆ ಕೆಂಪು ಅಂಗಿ ಇತ್ತು, ಈಚೆಗೆ ಅವನಿಗೆ ದಪ್ಪ ಮೀಸೆಯೂ ಬಂದಿತ್ತು. ಒಮ್ಮೆಯಂತೂ ಇಡೀ ಪ್ರಸಂಗ ಯಮಕನಮರಡಿಯಲ್ಲಿ ನಡೆಯಿತೆಂದು ಹೇಳಿದ್ದೆ. ಇಂಥ ಕಥೆಯನ್ನು ನಂಬಿ ಮೂಳೆ ಕೊಯ್ಯಿಸಿಕೊಳ್ಳುವುದೇ?

ಆ ಭಾನುವಾರ ಹುಕ್ಕೇರಿಗೆ ಹೋದೆ. ಅಂದು ಮದುಮಗಳಾಗಿದ್ದ ಅಕ್ಕ ಅದೇ ಊರಿಗೆ ಮದುವೆಯಾಗಿ ಅಲ್ಲೇ ಇದ್ದಾಳೆ.

"ಏನೋ, ಫೋನ್ ಮಾಡ್ದ ಬಂದಿ? ಹುಡಿಗಿ ಗೊತ್ತ ಮಾಡ್ಕೊಂಡೇನ?"

"ನಿನ್ನ ಮದುವಿ ವಿಡಿಯೊ ನೋಡಾಕ ಬಂದೇನಿ."

"ನಿಮ್ಮ ಮಾಮಾ ಸೈತ ಒಂದ ದಿನ ಕೇಳಿಲ್ಲೋ ಅದನ್ನ!" ಎಂದು ಅಕ್ಕ ಒಳಗಿದ್ದ ಗಂಡನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಹಳೆಯ ಕ್ಯಾಸೆಟ್ಟನ್ನು ಮಗ ಪೆನ್‌ಡ್ರೈವಿಗೆ ಹಾಕಿಸಿಕೊಟ್ಟಿದ್ದ. ಟಿವಿಗೆ ಚುಚ್ಚಿ ಇಬ್ಬರೂ ಚಹಾ ಹಿಡಿದು ಕೂತೆವು.

ನಾನು ಎಲ್ಲ ಕಡೆಯೂ ಇದ್ದೆ. ಅರಿಷಿಣ ಹಚ್ಚುವಲ್ಲಿ, ಬೀಗರನ್ನು ಎದುರುಗೊಳ್ಳುವಲ್ಲಿ, ಅಕ್ಕಿಕಾಳು ಬೀಳುವ ಹೊತ್ತಿಗೆ ಮದುಮಗನ ಹೆಗಲ ಹಿಂದೆ. ಎಲ್ಲೆಡೆ ಬಾಯಿ ಬಿಟ್ಟು, ಅಷ್ಟೂ ವಸಡು ತೋರಿಸಿ ನಗುತ್ತಿದ್ದೆ. ವಿಡಿಯೊದವನು ಮುನಿಸಿಕೊಂಡ ಹಾಗೆ ಕಾಣಲಿಲ್ಲ, ಮತ್ತೆ ಮತ್ತೆ ನನ್ನ ಮುಖ ಹುಡುಕಿಕೊಂಡು ಬರುತ್ತಿದ್ದ. ಊಟದ ಪಂಕ್ತಿ ಮುಗಿದು ಹಂದರ ಖಾಲಿಯಾಗುವವರೆಗೂ ಆ ಹುಡುಗನ ತುಟಿ ಕೂಡಲಿಲ್ಲ.

ಕೂಡಿದ್ದು ಮದುಮಗಳ ತುಟಿ. ಸುತ್ತ ಎಲ್ಲರೂ ನಗುತ್ತಿದ್ದರೂ ಅಕ್ಕ ಮಾತ್ರ ಬಾಯಲ್ಲಿ ನೀರು ತುಂಬಿಕೊಂಡವಳಂತೆ ಕೂತಿದ್ದಳು. ಟಿವಿ ನಿಲ್ಲಿಸಿ ನನ್ನ ಕಥೆ ಹೇಳಿದೆ.

"ಅಯ್ಯ ಇವನ! ಅವ ನನಗ ಅಂದದ್ದೋ ಅದು. 'ಅಕ್ಕಾರ, ತುಟಿ ಕೂಡಿಸಿ ನಗ್ರಿ' ಅಂದ. ನೀ ನನ್ನ ಬಾಜೂಕ ನಿಂತಿದ್ದಿ. ಅಳಾಕ ಸುರು ಮಾಡಿದಾಂವ ನೀನ."

"ನಾ ಯಾಕ ಅತ್ತೆ?"

"ನನಗೇನ ಗೊತ್ತು? ಮರ್ಯಾದಿ ಹೋದದ್ದು ನನ್ನದು. ಅದನ್ನೂ ಎತ್ಕೊಂಡ ಹೋಗಿ ಊರ ತುಂಬ ನಿಂದಂತ ಹೇಳ್ಕೋತ ತಿರಗಾಕತ್ತೀಯಲ್ಲೋ ಕಳ್ಳಾ!"

ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಸೆರಗು ಜಾರಿದಾಗ ಕಂಡದ್ದು ನನ್ನದೇ ನಗು, ಅದೇ ದವಡೆ. ಅವಳ ನೆನಪೂ ನೆನಪೇ, ಅದನ್ನೂ ಕಣ್ಣು ಮುಚ್ಚಿ ನಂಬಲಾರೆ. ಆದರೆ ನಾನು ಅಳುವುದನ್ನು ವಿಡಿಯೊ ಹಿಡಿದಿರಲಿಲ್ಲ, ಅವಳ ಮುಚ್ಚಿದ ತುಟಿಯನ್ನು ಹಿಡಿದಿತ್ತು. ನಾನು ವೈದ್ಯೆಗೆ ಕೊಟ್ಟಿದ್ದ ಕಾರಣ ಅಲ್ಲಿಗೆ ಬಿದ್ದುಹೋಯಿತು.

ಹಾಗಾದರೆ ಇದೆಲ್ಲ ಬೇಡವೆಂದು ಬಿಟ್ಟುಬಿಡಬೇಕಿತ್ತು. ತಿರುಗಿ ಬರುವಾಗ ಬಸ್ಸಿನ ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಂಡೆ. ಸುಮ್ಮನೆ ಕೂತಾಗ ನನ್ನ ತುಟಿಗಳು ಕೂಡುವುದಿಲ್ಲ. ಬಲ ಹಾಕಿ ಕೂಡಿಸಿದರೆ ಗದ್ದ ಮುದುಡುತ್ತದೆ. ಬೆಳಿಗ್ಗೆ ಎದ್ದಾಗ ಬಾಯಿ ಒಣಗಿರುತ್ತದೆ. ತರಗತಿಯಲ್ಲಿ ನಿಂತಷ್ಟು ಹೊತ್ತೂ ತುಟಿ ಎಳೆದು ಹಿಡಿಯುವುದು ಒಂದು ಪ್ರತ್ಯೇಕ ಕೆಲಸ. ಈ ಕೆಲಸ ನನಗೆ ಸಾಕಾಗಿತ್ತು. ಇದಕ್ಕೆ ಇಪ್ಪತ್ತು ವರ್ಷ ಹಿಂದಿನ ಸಾಕ್ಷಿ ಬೇಕಿರಲಿಲ್ಲ. ಇವತ್ತಿನ ಮುಖ ಗಾಜಿನಲ್ಲೇ ಇತ್ತು.

ಮುಂದಿನ ವಾರ ವೈದ್ಯೆಗೆ, "ಯಾರೂ ಏನೂ ಅಂದಿಲ್ರಿ. ನನಗ ಬೇಕಾಗೈತಿ," ಎಂದೆ.

"ಹಂಗಾದ್ರ ತಂತಿ ಕೂಡ್ರಸೂಣು ಬರ್ರಿ," ಎಂದರು.

ತಂತಿ ಹಾಕಿದ ಮೇಲೆ ಮೊದಮೊದಲು ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಕೂಡುವುದೇ ತಪ್ಪಿತು. ದವಡೆ ಮುಂದೆ ಎಲ್ಲಿ ಕೂರಲಿದೆಯೋ ಅದಕ್ಕೆ ಹಲ್ಲುಗಳನ್ನು ಈಗಲೇ ಸಿದ್ಧ ಮಾಡುವುದಂತೆ. ಗೋಕಾಕಕ್ಕೆ ಹೋಗಿ ಕರದಂಟು ತಿನ್ನದೆ ಬರಲಾಗದೆ ಆ ಅಂಟಂಟು ಸಿಹಿಯ ಒಂದು ತುಂಡು ಅಗಿದು, ಹಲ್ಲಿಗೆ ಅಂಟಿಸಿದ್ದ ಬ್ರ್ಯಾಕೆಟ್ ಕಿತ್ತುಕೊಂಡು ಬೈಸಿಕೊಂಡೆ.

ವರ್ಷ ದಾಟಿದ ಮೇಲೆ ಬೆಳಗಾವಿಯಲ್ಲಿ ಶಸ್ತ್ರಚಿಕಿತ್ಸೆ ಚೆನ್ನಾಗಿ ನಡೆಯಿತು. ಕೊಯ್ದದ್ದೆಲ್ಲ ಬಾಯಿಯ ಒಳಗಿಂದಲೇ, ಮುಖದ ಮೇಲೆ ಗೀರಿಲ್ಲ. ದವಡೆಯನ್ನು ಮೇಲೆ ಹಿಡಿದಿಡಲು ಸಣ್ಣ ಲೋಹದ ಪಟ್ಟಿಗಳು, ಸ್ಕ್ರೂಗಳು. ಆಮೇಲೆ ಅಕ್ಕ ನನ್ನನ್ನು ಹುಕ್ಕೇರಿಗೆ ಕರೆದೊಯ್ದು ಅಂಬಲಿ, ಬೇಳೆಕಟ್ಟು ಕುಡಿಸಿದಳು. ಮಾತಾಡಿಸಲು ಬಂದ ನೆಂಟರು ಮಾತ್ರ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದರು. ಬಾವು ಬಂದ ಮುಖದ ರೋಗಿಯ ಮುಂದೆ ಗಂಟು ಬಿಚ್ಚಿ, "ತಿಂದ ಗಟ್ಟಿ ಆಗಪಾ," ಎಂದು ಹರಸಿದರು. ಅಕ್ಕ ಒಂದು ರೊಟ್ಟಿ ಮುರಿದು ನನ್ನೆದುರೇ ಕಟಕಟ ಕಡಿದು, "ನಿನ್ನ ಪಾಲಿಂದು ನಾನ ತಿಂತೇನಿ, ಚಿಂತಿ ಮಾಡಬ್ಯಾಡ," ಎಂದಳು.

ನಗು ಬಂತು. ಮೇಲ್ದುಟಿಗೆ ಇನ್ನೂ ಸ್ಪರ್ಶ ತಿಳಿಯುತ್ತಿರಲಿಲ್ಲ, ಅದು ಎಷ್ಟು ಮೇಲೇರಿತೋ ಗೊತ್ತಾಗಲಿಲ್ಲ.

"ಏನ ಕಾಣಾಕತ್ತೈತಿ?" ಎಂದು ಹಲ್ಲುಗಳ ನಡುವಿನಿಂದಲೇ ಕೇಳಿದೆ.

ಅಕ್ಕ ಹತ್ತಿರ ಬಂದು, ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. "ಹಲ್ಲು," ಎಂದಳು. "ಬರೇ ಹಲ್ಲು. ಮತ್ತ ಒಂದಿಷ್ಟ ತಂತಿ."

ಬಾವು ಇಳಿಯಿತು. ತುಟಿಯಲ್ಲಿ ಇರುವೆ ಹರಿದಾಡಿದಂತಾಗಿ ಸ್ಪರ್ಶ ನಿಧಾನವಾಗಿ ಮರಳಿತು. ಮೂಡಲಗಿಯ ತರಗತಿಗೆ ಹೋಗತೊಡಗಿದ ಮೇಲೆ ಒಂದು ದಿನ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಉದ್ದನೆಯ ಪ್ರಶ್ನೆ ಕೇಳುತ್ತಿದ್ದಳು. ಪುಸ್ತಕ ಹಿಡಿದು ನಿಂತು ಆಲಿಸುತ್ತಿದ್ದೆ. ಅವಳು ಕೇಳಿ ಮುಗಿಸಿ ಕೂತ ಮೇಲೆಯೇ ನನಗೆ ತಿಳಿದದ್ದು: ಅಷ್ಟು ಹೊತ್ತೂ ನನ್ನ ತುಟಿಗಳು ತಾವಾಗಿ ಕೂಡಿಕೊಂಡಿದ್ದವು. ಉತ್ತರ ಹೇಳಲು ಬಾಯಿ ತೆರೆದೆ.