ತಾರಸಿಯ ಬಿಸಿಲಿಗೆ ಸದ್ದು

ದೆವ್ವ ಕಂಡೆ, ದನಿ ಕೇಳಿದೆ ಅನ್ನುವವರನ್ನು ನಾನು ಆಡಿಕೊಂಡು ನಗುತ್ತಿದ್ದವನು. ಎರಡು ಸಾವಿರದ ಇಸವಿಯ ಆಚೀಚೆಯ ವರ್ಷಗಳಲ್ಲಿ ದೆಹಲಿಯ ಹೌಜ್ ಖಾಸ್‌ನ ಒಂದು ಪುಟ್ಟ ಸ್ಟುಡಿಯೋದಲ್ಲಿ ಚಿತ್ರಗಳಿಗೆ ಸದ್ದು ಕೂಡಿಸುವುದು ನನ್ನ ಕೆಲಸವಾಗಿತ್ತು. ತೆಂಗಿನ ಚಿಪ್ಪು ಕುಟ್ಟಿ ಪರದೆಯ ಮೇಲೆ ಕುದುರೆ ಓಡಿಸಿದವನನ್ನು ಯಾವ ಸದ್ದು ತಾನೇ ಹೆದರಿಸೀತು? ನೀವು ನಂಬಲೇಬೇಕೆಂದು ಇದನ್ನು ಬರೆಯುತ್ತಿಲ್ಲ.

ಒಂದು ಚಳಿಗಾಲ ಸರಸಮ್ಮ ಎಂಬ ವಯಸ್ಸಾದ ಹೆಂಗಸು ಮೊಮ್ಮಗಳ ಕೈ ಹಿಡಿದು ಬಂದರು. ಅವರ ಯಜಮಾನರು ಕೇಂದ್ರ ಸರ್ಕಾರದಲ್ಲಿ ಗುಮಾಸ್ತರಾಗಿದ್ದು ತೀರಿಕೊಂಡಿದ್ದರು. ಮದುವೆಯಾದ ಹೊಸದರಲ್ಲಿ, ಗಡಿಯಾರಕ್ಕೆ ಕೊಟ್ಟಂತೆ ಕೀ ಕೊಟ್ಟು ಓಡಿಸುವ ಕ್ಯಾಮೆರಾದಲ್ಲಿ, ಕ್ವಾರ್ಟರ್ಸ್‌ನ ತಾರಸಿ ಮೇಲೆ ಹೆಂಡತಿಯ ಚಿತ್ರ ತೆಗೆದಿದ್ದರಂತೆ. ಆ ಕ್ಯಾಮೆರಾಕ್ಕೆ ಕಿವಿಯಿಲ್ಲ, ಬರೀ ಮೂಕಚಿತ್ರ. ಮೊಮ್ಮಗಳು ಅದನ್ನು ಸಿಡಿಗೆ ಹಾಕಿಸುವಷ್ಟರಲ್ಲಿ ಅಜ್ಜಿಯ ಕಣ್ಣೇ ಹೋಗಿತ್ತು.

“ನೋಡೋಕಂತೂ ಆಗಲ್ಲ. ಸದ್ದು ಹಾಕಿಕೊಟ್ರೆ ಆ ಬಿಸಿಲಲ್ಲಿ ಇನ್ನೊಂದ್ಸಲ ಕೂತ್ಕೊಂಡ ಹಾಗಾಗತ್ತೆ ಕಣಪ್ಪ,” ಅಂದರು. ನಾನು ಸಿಡಿ ಇಸಿದುಕೊಂಡೆ.

ಚಿತ್ರದಲ್ಲಿ ಹೆಚ್ಚೇನಿಲ್ಲ. ಅತ್ತೆ ಚಾಪೆಯ ಮೇಲೆ ಕೂತು ಬಟಾಣಿ ಸುಲಿಯುತ್ತಾರೆ. ಸೊಸೆ, ಆಗಿನ್ನೂ ಎಳೆಯ ಸರಸಮ್ಮ, ಕಾಫಿ ತಂದಿಟ್ಟು ತಾನೂ ಸುಲಿಯಲು ಕೂರುತ್ತಾಳೆ. ಕೊನೆಗೆ ಥಟ್ಟನೆ ತಲೆಯೆತ್ತಿ ಕ್ಯಾಮೆರಾ ನೋಡಿ ನಗುತ್ತಾಳೆ. ಚಿತ್ರ ತೆಗೆದ ಯಜಮಾನರು ಮಾತ್ರ ಎಲ್ಲೂ ಇಲ್ಲ. ನಾನೊಬ್ಬನೇ ಕೂತು ಕಾಳನ್ನು ತಟ್ಟೆಗೆ ಬೀಳಿಸಿದೆ, ಬಳೆ ಆಡಿಸಿದೆ, ಲೋಟ ಕುಕ್ಕಿದೆ, ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದೆ. ಎಲ್ಲವನ್ನೂ ಕೂಡಿಸಿ ಒಂದು ಸಲ ಕೇಳಿಯೂ ನೋಡಿದೆ.

ಅಜ್ಜಿ, ಮೊಮ್ಮಗಳು ಕೇಳಲು ಬಂದದ್ದು ಮರುದಿನ ಮಧ್ಯಾಹ್ನ. ಸರಸಮ್ಮ ಸ್ಪೀಕರ್ ಮುಂದೆ ತಲೆ ತಗ್ಗಿಸಿ ಕೂತರು. ಕಾಳು ಬಿದ್ದವು, ಬಳೆ ಆಡಿತು. ಕೊನೆಯಲ್ಲಿ ಟಕ್ ಟಕ್ ಎಂದು ಸಣ್ಣಗೆ, ಲೋಹಕ್ಕೆ ಲೋಹ ತಾಕಿದ ಸದ್ದು. ನಾನು ಹಾಕಿದ್ದಲ್ಲ. ಹಿಂದಿನ ದಿನ ಕೇಳಿದಾಗ ಇರಲೂ ಇಲ್ಲ. ಆ ಸದ್ದಿಗೆ ಪರದೆಯ ಮೇಲಿನ ಸೊಸೆ ತಲೆಯೆತ್ತಿದಳು. ಪರದೆ ಕಾಣದ ಸರಸಮ್ಮನೂ ಎತ್ತಿದರು. ಅದೇ ನಗು.

“ಅಜ್ಜಿ, ಕ್ಯಾ ಹುವಾ?” ಏನಾಯ್ತೆಂದು ಮೊಮ್ಮಗಳು ಗಾಬರಿಯಾದಳು.

“ಅತ್ತೆ ಎದುರಿಗೆ ಯಜಮಾನ್ರು ನನ್ನ ಹೆಸರು ಹಿಡಿದು ಕರೆಯೋ ಹಾಗಿರ್ಲಿಲ್ಲ ನೋಡು. ಉಂಗುರದಿಂದ ಕ್ಯಾಮೆರಾ ತಟ್ಟೋರು, ಇತ್ತ ನೋಡು ಅಂತ.” ಆಮೇಲೆ ನನ್ನ ಕಡೆ ತಿರುಗಿ, “ನಿಂಗ್ಯಾರಪ್ಪ ಹೇಳಿದ್ರು?” ಅಂದರು.

ಯಾರೂ ಹೇಳಿರಲಿಲ್ಲ. ನನ್ನ ಬೆರಳಲ್ಲಿ ಉಂಗುರವೂ ಇರಲಿಲ್ಲ. ಅಲ್ಲೇ ಕಂಪ್ಯೂಟರಿನಲ್ಲಿ ಕಾಳು, ಬಳೆ, ಲೋಟ, ಹೆಜ್ಜೆ ಒಂದೊಂದನ್ನೇ ಬಿಡಿಸಿ ಕೇಳಿದೆ. ಯಾವುದರಲ್ಲೂ ಆ ಸದ್ದಿಲ್ಲ. ಕೂಡಿಸಿದರೆ ಇದೆ. ಯಂತ್ರದ ದೋಷವಿರಬೇಕು ಎಂದು ಗೆಳೆಯರು ಇವತ್ತಿಗೂ ಹೇಳುತ್ತಾರೆ. ಇರಬಹುದು. ಆದರೆ ಅವಳು ತಲೆಯೆತ್ತುವ ಗಳಿಗೆ ಆ ದೋಷಕ್ಕೆ ಹೇಗೆ ತಿಳಿಯಿತೋ, ನನಗಂತೂ ಬಗೆಹರಿದಿಲ್ಲ.

“ಅಮ್ಮಾ, ಅದು ನಾನು ಹಾಕಿದ್ದಲ್ಲ,” ಅಂದೆ.

ಸರಸಮ್ಮನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. “ಗೊತ್ತಾಯ್ತು ಬಿಡು. ಇನ್ನೊಂದ್ಸಲ ಹಾಕು,” ಎಂದು ಸೆರಗು ಸರಿಮಾಡಿಕೊಂಡು, ಮತ್ತೆ ತಲೆ ತಗ್ಗಿಸಿ ಕಾಯುತ್ತಾ ಕೂತರು.